ಬಿಸಿಲಿಗಿಟ್ಟ ಸೆಲ್ಲುಗಳು

ಮೊನ್ನೆ ಭಾನುವಾರ ಟೀವಿ ರಿಮೋಟು ಸತ್ತುಹೋಯಿತು. ಅಂಗೈಗೆ ಬಡಿದೆ, ಬಾಯಿಂದ ಊದಿದೆ. ನಮ್ಮ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲ ಚಿಕಿತ್ಸೆ ಇದೇ, ನಾನು ಎಲೆಕ್ಟ್ರಾನಿಕ್ಸ್ ಓದಿದವಳಾದರೂ. ಕೊನೆಗೆ ಬೆನ್ನಿನ ಮುಚ್ಚಳ ಜಾರಿಸಿದರೆ ಒಳಗಿನ ಸೆಲ್ಲು ಬಿರಿದು ಸುಣ್ಣದಂಥ ಪುಡಿ ಕಟ್ಟಿಕೊಂಡಿತ್ತು. ಹುಳಿಹುಳಿಯಾದ, ತುಕ್ಕು ಹಿಡಿದ ಕಬ್ಬಿಣದಂಥ ಒಂದು ವಾಸನೆ ಮೂಗಿಗೆ ಹೊಡೆಯಿತು. ಹಗರಿಬೊಮ್ಮನಹಳ್ಳಿಯ ಬಾಡಿಗೆ ಮನೆಯ ಹಾಲಿನಲ್ಲಿ ಕೂತವಳು ಅಲ್ಲಿಂದ ನೇರ ಕೂಡ್ಲಿಗಿ ಸೀಮೆಯ ಒಂದು ಮಣ್ಣಿನ ಮಾಳಿಗೆಯ ಮೇಲೆ ಹೋಗಿ ನಿಂತೆ. ಮುಖ ಬಿಸಿಯಾಯಿತು. ಎದುರಿಗೆ ಯಾರೂ ಇರಲಿಲ್ಲ, ಆದರೂ ತಲೆ ತಗ್ಗಿಸಿಕೊಂಡೆ. ನಾಚಿಕೆ ಇಷ್ಟು ವರ್ಷ ಬದುಕಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅದು ಎರಡು ಸಾವಿರದ ಐದರ ಮಳೆಗಾಲ. ಡಿಪ್ಲೊಮಾ ಮುಗಿಸಿ ಕೊಟ್ಟೂರಿನ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುತ್ತ ಕೂತಿದ್ದೆ. ಹೆಣ್ಣುಮಗಳು ರಿಪೇರಿ ಮಾಡುವುದನ್ನು ನೋಡಬೇಕೆಂದೇ ಕೆಲವರು ಕೆಡದ ರೇಡಿಯೊ ಹಿಡಿದುಕೊಂಡು ಬರುತ್ತಿದ್ದರು. ಅಂಥದೊಂದು ದಿನ ಜೀಪಿನಲ್ಲಿ ಬಂದವರು ಮಾಥುರ್ ಸರ್. ದೂರದ ಯಾವುದೋ ಸಂಶೋಧನಾ ಸಂಸ್ಥೆಯವರು, ಉತ್ತರದ ಕಡೆಯವರು, ಕನ್ನಡ ಒಂದಕ್ಷರ ಬಾರದು. ಅವರ ಹತ್ತಿರ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡು, ಅದರ ಒಂದು ತಂತಿ ಕಿತ್ತಿತ್ತು. ಬೆಸೆದುಕೊಟ್ಟೆ. ಅವರು ಭೂತಗನ್ನಡಿ ಹಿಡಿದು ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಈ ಕಡೆಯ ಹೊಲದವರ ಪರಿಚಯ ನಿನಗೆ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ನಗು ಬಂತು. ನಮ್ಮಪ್ಪ ಉಚ್ಚೆಂಗಪ್ಪ ಕೂಡ್ಲಿಗಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೊಲ ಕಾಯುವವನು. ನನಗೆ ಅಆಇಈಗಿಂತ ಮೊದಲು ಹೊಲಗಳ ಹೆಸರು ಬಾಯಿಗೆ ಬಂದಿದ್ದವು.

ಅಪ್ಪನಿಗೆ ಸ್ವಂತದ್ದೆಂದು ಒಂದು ಗುಂಟೆ ಇರಲಿಲ್ಲ, ಆದರೆ ಊರಿನ ಹೊಲಗಳೆಲ್ಲ ತನ್ನವೇ ಎನ್ನುವ ಹಾಗೆ ಓಡಾಡುತ್ತಿದ್ದ. ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಗುಡೇಕೋಟೆ ಕಡೆಯ ಗುಡ್ಡಗಳಿಂದ ಕರಡಿ ಇಳಿಯುತ್ತಿದ್ದವು, ಹಂದಿಗಳದ್ದಂತೂ ಕೇಳುವುದೇ ಬೇಡ. ಅಪ್ಪನ ಕೈಯಲ್ಲಿ ಒಂದು ಕೋಲು, ಒಂದು ಒಡಕು ಡಬ್ಬಿ, ಹೆಗಲ ಮೇಲೆ ಕಂಬಳಿ. ನಮ್ಮ ಮನೆಯವರ ಕಾವಲಿಗೆ ಅಜ್ಜನ ಕಾಲದಿಂದ ಒಂದು ಕಟ್ಟು ಇತ್ತು. ಕಾವಲಿನಲ್ಲಿ ಏನಾದರೂ ಕಮ್ಮಿಯಾದರೆ ಕಾಯುವವನೇ ಅದನ್ನು ತನ್ನದರಿಂದ ತುಂಬಬೇಕು. ಅದೂ ಹೊಲದವನು ಬಂದು ನೋಡುವುದರೊಳಗೆ ತುಂಬಬೇಕು. ತುಂಬಿದೆ ಎಂದು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಮಾಫಿ ಕೇಳಿದ ಹಾಗೆ ಆಗುತ್ತದೆ. ನಾನು ಚಿಕ್ಕವಳಿದ್ದಾಗ ಅವ್ವ ಒಂದು ಮುಂಜಾನೆ ನಮ್ಮ ಮನೆಯ ಶೇಂಗಾದ ಬುಟ್ಟಿಯನ್ನು ಯಾರದೋ ರಾಶಿಗೆ ಸುರಿಯುತ್ತಿದ್ದಳು. ಯಾಕಬೇ ಎಂದು ಕೇಳಿದೆ.

"ನಿಮ್ಮಪ್ಪ ಒಂದು ಜೊಂಪು ನಿದ್ದಿ ಹೊಡದಾನ, ಹಂದಿ ಊಟ ಮಾಡ್ಕಂಡು ಹೋಗ್ಯಾವ. ಬಾಯಿ ಮುಚ್ಚಿಗಂಡು ಮನಿಗೆ ನಡಿ," ಅಂದಳು ಅವ್ವ. ಅವತ್ತು ಅಪ್ಪ ಇಡೀ ದಿನ ಅವ್ವನ ಎದುರಿಗೆ ಬರಲಿಲ್ಲ.

ಮಾಥುರ್ ಸರ್‌ಗೆ ನಾನು ತೋರಿಸಿದ್ದು ಈರಣ್ಣನ ಹೊಲ. ಈರಣ್ಣ ನಮ್ಮೂರಿನ ದೊಡ್ಡ ಒಕ್ಕಲುತನದವನು, ಮಾತು ಒರಟು, ಮನಸ್ಸು ಮೆತ್ತಗೆ. ಅವನ ಹೊಲದಲ್ಲಿ ಕರೆಂಟು ಬರುವ ಒಂದು ಪಂಪ್ ಮನೆ ಇತ್ತು, ಅದೇ ಸರ್‌ಗೆ ಬೇಕಾಗಿದ್ದದ್ದು. ಕೆಲಸ ಇಷ್ಟೇ. ಊಟದ ಡಬ್ಬಿಯಷ್ಟು ಪೆಟ್ಟಿಗೆಗಳನ್ನು ಶೇಂಗಾದ ಸಾಲುಗಳ ನಡುವೆ ಅಲ್ಲಲ್ಲಿ ಗೂಟಕ್ಕೆ ಕಟ್ಟುವುದು. ಪ್ರತಿಯೊಂದರಲ್ಲೂ ಒಂದು ಪುಟ್ಟ ಕಂಪ್ಯೂಟರು, ಒಂದು ಪುಟ್ಟ ರೇಡಿಯೊ, ಎರಡು ಪೆನ್ಸಿಲ್ ಸೆಲ್ಲು. ಮಣ್ಣಿನಲ್ಲಿ ಹೂತ ಒಂದು ಕಡ್ಡಿ ತೇವ ಎಷ್ಟಿದೆ ಎಂದು ಅಳೆಯುತ್ತದೆ. ಆ ಸುದ್ದಿಯನ್ನು ಪೆಟ್ಟಿಗೆ ತನ್ನ ಪಕ್ಕದ ಪೆಟ್ಟಿಗೆಗೆ ಹೇಳುತ್ತದೆ, ಅದು ಇನ್ನೊಂದಕ್ಕೆ. ಹೀಗೆ ಕೈಯಿಂದ ಕೈಗೆ ದಾಟಿ ಸುದ್ದಿ ಪಂಪ್ ಮನೆಯ ಕಂಪ್ಯೂಟರಿಗೆ ಬರುತ್ತದೆ. ಯಾವ ಸಾಲಿಗೆ ಯಾವಾಗ ನೀರು ಬೇಕು ಎಂದು ಭೂಮಿಯೇ ಹೇಳಬೇಕು ಎನ್ನುವುದು ಸರ್ ಆಸೆ. ಒಂದು ಸಲ ಹಾಕಿದ ಸೆಲ್ಲು ಬಿತ್ತನೆಯಿಂದ ಒಕ್ಕಣೆಯ ತನಕ ಬರಬೇಕು ಎನ್ನುವುದು ಅವರ ಪಣ. ಅವರ ಯೋಜನೆ ಮುಂದುವರಿಯುವುದು ಬಿಡುವುದು ಆ ಸೆಲ್ಲಿನ ಆಯಸ್ಸಿನ ಮೇಲೇ ನಿಂತಿತ್ತು.

ಅವರು ನನಗೆ ಒಂದು ಜೆರಾಕ್ಸ್ ಪುಸ್ತಕ ಕೊಟ್ಟು, ಕೂಡ್ಲಿಗಿಯಲ್ಲಿ ಒಂದು ಕೋಣೆ ಹಿಡಿದುಕೊಟ್ಟು, ಈ ಪೆಟ್ಟಿಗೆಗಳ ಭಾಷೆ ಕಲಿ ಅಂದರು. ನೆಸ್‌ಸಿ ಎಂದು ಅದರ ಹೆಸರು. ನಾನು ಕಾಲೇಜಿನಲ್ಲಿ ಕಲಿತಿದ್ದ ಸಿ ಭಾಷೆಯ ಹೊಟ್ಟೆಯಲ್ಲಿ ಹುಟ್ಟಿದ್ದು, ಆದರೆ ಗುಣ ಬೇರೆ. ಅದು ಬಡತನದ ಭಾಷೆ, ಇದ್ದಷ್ಟರಲ್ಲಿ ಸಂಸಾರ ಮಾಡುವ ಭಾಷೆ. ನಡುವೆ ಎದ್ದು ಇನ್ನಷ್ಟು ಜಾಗ ಕೊಡು ಎಂದು ಕೇಳುವಂತಿಲ್ಲ, ಬೇಕಾದದ್ದನ್ನೆಲ್ಲ ಮೊದಲೇ ಹೇಳಿ ಇಟ್ಟುಕೊಳ್ಳಬೇಕು. ಮತ್ತೆ, ಅದರಲ್ಲಿ ಕಾಯುತ್ತ ಕೂಡುವುದು ಎಂಬುದೇ ಇಲ್ಲ. ರೇಡಿಯೊಗೆ "ಇದನ್ನು ಕಳಿಸು" ಎಂದು ಹೇಳಿ ನೀನು ನಿನ್ನ ದಾರಿ ಹಿಡಿಯಬೇಕು. ಕಳಿಸಿ ಮುಗಿದ ಮೇಲೆ ರೇಡಿಯೊ ತಾನೇ ನಿನ್ನನ್ನು ಕರೆದು "ಆಯಿತು" ಅನ್ನುತ್ತದೆ. ಆಗ ನೀನು ರೇಡಿಯೊ ಆರಿಸಿ ಮಲಗಬೇಕು. ಮಲಗುವುದೇ ಅದರ ಮುಖ್ಯ ಕೆಲಸ. ಎದ್ದು ಕೂತ ಪೆಟ್ಟಿಗೆ ಸೆಲ್ಲು ತಿಂದು ಬೇಗ ಸಾಯುತ್ತದೆ.

ಇದನ್ನೆಲ್ಲ ಅಪ್ಪನಿಗೆ ಒಂದು ಸಂಜೆ ಹೊಲದ ಬದುವಿನ ಮೇಲೆ ಕೂತು ವಿವರಿಸಿದೆ. ಅಷ್ಟರಲ್ಲಿ ಸರ್ ಪೆಟ್ಟಿಗೆಗಳ ಕಾವಲಿಗೂ ಅಪ್ಪನನ್ನೇ ಗೊತ್ತು ಮಾಡಿದ್ದರು.

"ಅಂದ್ರ ಇವು ಮಕ್ಕಂಬೋದಕ್ಕ ಬಂದಾವೇನು? ನಾ ಒಂದು ಜೊಂಪು ಹೊಡದ್ರ ನಿಮ್ಮವ್ವ ಊರು ಒಂದು ಮಾಡ್ತಾಳ," ಅಂದ ಅಪ್ಪ.

"ಹಂಗಲ್ಲಪ್ಪಾ. ನಡುನಡುವ ಎದ್ದು, ನೋಡಿ, ಹೇಳಿ, ಮತ್ತ ಮಕ್ಕಂತಾವು."

"ಅದನ್ನ ನಾನೂ ಮಾಡ್ತೀನಲ್ಲಲೇ. ನನಗ ಯಾರೂ ಜೀಪು ತಂದಿಲ್ಲ."

ಇಬ್ಬರೂ ನಕ್ಕೆವು. ಪೆಟ್ಟಿಗೆ ಎದ್ದಾಗಲೆಲ್ಲ ಅದರ ಹಸಿರು ದೀಪ ಒಮ್ಮೆ ಮಿಟುಕುವ ಹಾಗೆ ನಾನು ಬರೆದಿದ್ದೆ. ದೀಪ ಮಿಟುಕಿದರೆ ಜೀವಂತ, ಇಲ್ಲದಿದ್ದರೆ ಇಲ್ಲ ಎಂದು ಅಪ್ಪನಿಗೆ ಹೇಳಿಕೊಟ್ಟೆ. ಮಳೆ ಹೊಡೆದ ಮೇಲೆ ಮುಚ್ಚಳ ಬಿಚ್ಚಿ ಒಳಗಿನ ಪಸೆ ಒರೆಸುವುದನ್ನೂ, ಸೆಲ್ಲು ಯಾವ ದಿಕ್ಕಿಗೆ ಕೂತಿದೆ ಎನ್ನುವುದನ್ನೂ ನಾನೇ ತೋರಿಸಿದೆ. ಅಪ್ಪ ಆ ಪೆಟ್ಟಿಗೆಗಳನ್ನು "ನಮ್ಮ ನಾಗೀ ದೀಪ" ಎಂದು ಊರಿಗೆಲ್ಲ ತೋರಿಸುತ್ತಿದ್ದ. ನನ್ನ ಹೆಸರು ನಾಗವೇಣಿ. ಎಮ್ಮೆ ಮೇಯಿಸುವವರು, ಕಳೆ ತೆಗೆಯುವ ಹೆಂಗಸರು ಎಲ್ಲರೂ ಬಂದು ಗೂಟದ ಮುಂದೆ ಕುಕ್ಕರಗಾಲಿನಲ್ಲಿ ಕೂತು ದೀಪ ಮಿಟುಕುವುದನ್ನು ಕಾಯುತ್ತಿದ್ದರು. ಮಿಟುಕಿದ ಕೂಡಲೇ ಅಪ್ಪ ತಾನೇ ಮಾಡಿದ ಹಾಗೆ ಮೀಸೆ ಸವರಿಕೊಳ್ಳುತ್ತಿದ್ದ.

ನನಗೂ ತಲೆ ತಿರುಗಿತ್ತು, ಸುಳ್ಳು ಯಾಕೆ ಹೇಳಲಿ. ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನಲ್ಲಿ ಜೀಪು ಹತ್ತುವಾಗ ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿ ಹತ್ತುತ್ತಿದ್ದೆ. ಊರಿಗೆ ಬಂದರೂ ಹೊಲಕ್ಕೆ ಹೋಗಿ, ಸರ್ ಜೊತೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ, ಮನೆಗೆ ಹೋಗದೆ ಹಿಂದಿರುಗಿದ ದಿನಗಳಿವೆ. ಮನೆಗೆ ಹೋಗಿದ್ದರೆ, ಮಾಳಿಗೆ ಹತ್ತಿದ್ದರೆ, ಈ ಬರಹವೇ ಇರುತ್ತಿರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಆಶ್ಲೇಷದ ಜಿಟಿಜಿಟಿ, ಮಘೆಯಲ್ಲಿ ಬಿಡುವು, ಮತ್ತೆ ಹುಬ್ಬಿ ಮಳೆ. ಕೆಂಪು ನೆಲದ ಮೇಲೆ ಶೇಂಗಾ ಹಸಿರು ಕಂಬಳಿ ಹಾಸಿದಂತೆ ಹಬ್ಬಿತು, ಹಳದಿ ಹೂವು ಬಂದು, ಕಾಯಿ ಕಟ್ಟುವ ಊಡು ಮಣ್ಣಿಗೆ ಇಳಿದವು. ನನ್ನ ಕಂಪ್ಯೂಟರಿನ ಪರದೆಯ ಮೇಲೆ ಮಣ್ಣಿನ ತೇವದ ಗೆರೆ ಏರುವುದು, ಇಳಿಯುವುದು. ಅದನ್ನು ನೋಡುತ್ತ ಕೂತರೆ ಊಟ ಮರೆತುಹೋಗುತ್ತಿತ್ತು. ಹೊಲದ ಮೈ ಮುಟ್ಟಿ ನೋಡಿದಷ್ಟು ಖುಷಿ.

ಹುಬ್ಬಿ ಮಳೆಯ ಹೊತ್ತಿಗೆ ತಕರಾರು ಸುರುವಾಯಿತು. ಪ್ರತಿ ಪೆಟ್ಟಿಗೆ ತೇವದ ಜೊತೆ ತನ್ನ ಸೆಲ್ಲಿನ ಬಲವನ್ನೂ ಹೇಳುತ್ತಿತ್ತು. ಕೆಲವು ಪೆಟ್ಟಿಗೆಗಳ ಬಲ ದಡದಡ ಇಳಿದು, ಸುದ್ದಿ ನಿಂತು, ಒಂದೆರಡು ದಿನಕ್ಕೆ ತಾನೇ ತಾನಾಗಿ ಮೇಲೆ ಏರಿ, ಮತ್ತೆ ಮೊದಲಿಗಿಂತ ಬೇಗ ಇಳಿಯುತ್ತಿತ್ತು. ಸೆಲ್ಲು ತನ್ನಷ್ಟಕ್ಕೆ ತಾನು ತುಂಬಿಕೊಳ್ಳುವುದಿಲ್ಲ. ಯಾರೋ ಕೈ ಹಾಕಿದ್ದಾರೆ ಎಂದು ಸರ್ ಹೇಳಲಿಲ್ಲ, ನಾನೇ ಅಂದುಕೊಂಡೆ. ಯಾವ ಪೆಟ್ಟಿಗೆಗಳು ಎಂದು ನಕ್ಷೆಯಲ್ಲಿ ನೋಡಿದೆ. ಎಲ್ಲವೂ ಪಂಪ್ ಮನೆಯ ಸುತ್ತಲಿನವು. ದೂರದ ಮೂಲೆಯವು ಒಂದೂ ಕೆಟ್ಟಿರಲಿಲ್ಲ. ಪಂಪ್ ಮನೆಯ ಕಟ್ಟೆಯೇ ಅಪ್ಪ ಕೂಡುವ ಜಾಗ. 

ಮಾರನೇ ದಿನ ಜೀಪಿನಲ್ಲಿ ಹೋದೆವು. ಅಪ್ಪ ಎಂದಿನಂತೆ ಎದ್ದು ಬಂದು ಸರ್‌ಗೆ ಕೈ ಮುಗಿದ. ನಾನು ಮೊದಲ ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಒಳಗೆ ನಾವು ಹಾಕಿದ್ದ ಸೆಲ್ಲು ಇರಲಿಲ್ಲ. ಗೋಡೆ ಗಡಿಯಾರಕ್ಕೆ ಹಾಕುವ, ಸಂತೆಯಲ್ಲಿ ಸಿಗುವ ಅಗ್ಗದ ಕೆಂಪು ಸೆಲ್ಲು. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಈರಣ್ಣ ಎತ್ತು ಬಿಟ್ಟು ಹತ್ತಿರ ಬಂದು ನಿಂತ.

"ಯಪ್ಪಾ, ಇದರಾಗಿನ ಸೆಲ್ಲು ಎಲ್ಲಿ?" ಎಂದು ಕೇಳಿದೆ.

 ಹೇಳಬಾರದ್ದನ್ನು ಹೇಳಬೇಕಾಗಿ ಬಂದವನ ಸಂಕೋಚ ಅಪ್ಪನ ಮುಖದಲ್ಲಿ ಕಂಡಿತು. ಅವತ್ತು ನನಗೆ ಅದು ಸಂಕೋಚ ಎಂದು ತಿಳಿಯಲಿಲ್ಲ. "ಮನ್ಯಾಗ ಅದಾವವಾ. ಮಾಳಿಗಿ ಮ್ಯಾಲೆ," ಅಂದ.

ಮನೆಗೆ ಹೋದೆವು. ಸರ್, ನಾನು, ಅಪ್ಪ, ಹಿಂದೆ ಈರಣ್ಣ, ಅವರ ಹಿಂದೆ ಓಣಿಯ ಹತ್ತಾರು ಮಂದಿ. ನಮ್ಮದು ಮಣ್ಣಿನ ಮಾಳಿಗೆಯ ಮನೆ, ಪಕ್ಕಕ್ಕೆ ಒರಗಿಸಿದ ನಿಚ್ಚಣಿಕೆ. ಹತ್ತಿ ನೋಡಿದರೆ ಅವ್ವ ಒಣಹಾಕಿದ್ದ ಮೆಣಸಿನಕಾಯಿಯ ಪಕ್ಕ, ಒಂದು ಹಳೆಯ ಪಂಚೆಯ ಮೇಲೆ, ನಮ್ಮ ಸೆಲ್ಲುಗಳು ಬಿಸಿಲಿಗೆ ಸಾಲಾಗಿ ಮಲಗಿದ್ದವು. ಕೆಲವು ಬಿರಿದು ಪುಡಿ ಉದುರಿಸಿದ್ದವು. ಅದೇ ವಾಸನೆ.

ಸರ್ ಬಗ್ಗಿ ಒಂದು ಸೆಲ್ಲು ಎತ್ತಿಕೊಂಡರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಗೊಂದಲ ಇತ್ತು. ನನ್ನ ಕಡೆ ತಿರುಗಿ ಮೆಲ್ಲಗೆ, ಯಾಕೆ ಹೀಗೆ ಮಾಡಿದರು ಅಂತ ದಯವಿಟ್ಟು ಕೇಳು ಅಂದರು. ಅಷ್ಟೇ. ಅವರಿಗೆ ಬೇಕಾಗಿದ್ದದ್ದು "ಯಾಕೆ" ಎಂಬುದು ಮಾತ್ರ. ಅದನ್ನು ಕನ್ನಡಕ್ಕೆ ದಾಟಿಸುವ ಕೆಲಸ ನನ್ನದು, ಅದಕ್ಕೇ ನನಗೆ ಸಂಬಳ. ನಾನು ಮಾಳಿಗೆಯ ಅಂಚಿಗೆ ಬಂದು, ಕೆಳಗೆ ನಿಂತಿದ್ದ ಅಪ್ಪನನ್ನು ನೋಡಿ, ಇಡೀ ಓಣಿಗೆ ಕೇಳುವ ಹಾಗೆ, "ಯಾಕ ಕದ್ದಿ?" ಎಂದು ಕೇಳಿದೆ.

ಆ ಶಬ್ದ ನನ್ನದು. ಸರ್ ಆಡಿದ್ದಲ್ಲ, ಈರಣ್ಣ ಆಡಿದ್ದಲ್ಲ, ಊರಿನ ಒಬ್ಬ ಮನುಷ್ಯನ ಬಾಯಿಗೂ ಬಂದದ್ದಲ್ಲ. ಅಷ್ಟು ಮಂದಿಯಲ್ಲಿ ಕಳ್ಳತನ ಹೊಳೆದದ್ದು ನನಗೊಬ್ಬಳಿಗೇ. ಅಪ್ಪನ ಕೈಯಲ್ಲಿ ಬೆಳೆದವಳಿಗೆ. ಸರ್ ಮುಂದೆ ನನ್ನ ಮಾನ ಹೋಯಿತು ಎಂಬ ಉರಿಯಲ್ಲಿ ಅಪ್ಪನ ಮಾನದ ನೆನಪೇ ಆಗಲಿಲ್ಲ.

ಅಪ್ಪ ಕೆಳಗಿನಿಂದ ನನ್ನನ್ನೇ ನೋಡಿದ. ಅವ್ವ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಳು. "ಯಾರಿಗನ್ನಾಕತ್ತೀಯವಾ ನೀನು? ದೀಪ ಆರಿ ಹೋಗ್ಯಾವ, ನನ್ನ ಕಾವಲ್ದಾಗ ಆರ್ಯಾವ ಅಂತ ಕೊಟ್ಟೂರು ಸಂತಿಗೆ ಹೋಗಿ ಹೊಸಾವು ತಂದು ತುಂಬ್ಯಾನ. ಹಳೇವು ಸಾಹೇಬ್ರ ಮಾಲು, ಒಗೀಬಾರ್ದು, ಬಿಸಿಲಿಗೆ ಇಟ್ಟು ಕಾವು ಹಿಡಿಸಿ ತಿರುಗಿ ಕೊಡ್ತೀನಿ ಅಂತ ದಿನಾ ಹತ್ತಿ ಹೊಳ್ಳಿಸಿ ಇಡ್ತಾನ. ಕದ್ದ ಮಾಲನ್ನ ಯಾರರ ಬಿಸಿಲಿಗೆ ಹಾಕ್ತಾರೇನು?"

ಟಾರ್ಚಿನ, ರೇಡಿಯೊದ ಸೆಲ್ಲು ಸೋತರೆ ಬಿಸಿಲಿಗಿಟ್ಟು ಇನ್ನೊಂದು ವಾರ ಓಡಿಸುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಮಾಡುತ್ತಿದ್ದದ್ದೇ. ನಾನೂ ಮಾಡಿದ್ದೆ. ಅವ್ವನ ಮಾತು ಕಿವಿಗೆ ಬಿತ್ತು, ಆದರೆ ಒಳಗೆ ಇಳಿಯಲಿಲ್ಲ. ನನ್ನ ತಲೆಯಲ್ಲಿ ನಕ್ಷೆ ಕೂತಿತ್ತು. ದೀಪ ತಾನೇ ಯಾಕೆ ಆರುತ್ತದೆ, ಅದೂ ಪಂಪ್ ಮನೆ ಹತ್ತಿರದವೇ ಯಾಕೆ ಆರುತ್ತವೆ, ನನ್ನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲವಲ್ಲ ಎಂದೇ ನನ್ನ ವಾದ. ಸರ್‌ಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ, ಕೊನೆಗೆ "ಹಾಗೆ ಅನ್ನುತ್ತಾರೆ" ಎಂಬ ಬಾಲ ಸೇರಿಸಿದೆ. ಆ ಬಾಲವನ್ನೂ ಯಾರೂ ಕೇಳಿರಲಿಲ್ಲ.

ಅಪ್ಪ ಸೊಂಟದಿಂದ ಪಂಪ್ ಮನೆಯ ಕೀಲಿ ಬಿಚ್ಚಿ, ಸರ್ ನಿಚ್ಚಣಿಕೆ ಇಳಿದ ಮೇಲೆ, ಎರಡೂ ಕೈಯಿಂದ ಅವರಿಗೆ ಕೊಟ್ಟ. ಸರ್ ಬೇಡ ಬೇಡ ಎಂದು ಕೈ ಆಡಿಸಿದರು. ಅಪ್ಪ ಕೀಲಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ.

ಪೆಟ್ಟಿಗೆಗಳಿಗೆ ಹೊಸ ಸೆಲ್ಲು ಹಾಕಿದೆವು. ಕಾವಲು ಯಾರಿಗೂ ಕೊಡಲಿಲ್ಲ, ಪಂಪ್ ಮನೆಗೆ ಬೀಗ ಹಾಕಿ ಕೀಲಿ ನಾನೇ ಇಟ್ಟುಕೊಂಡೆ. ಉತ್ರಿ ಮಳೆ ಜೋರಾಗಿತ್ತು. ಕೂಡ್ಲಿಗಿಯ ಕೋಣೆಯಲ್ಲಿ ತಗಡಿನ ಮೇಲೆ ಬೀಳುವ ಸದ್ದಿಗೆ ನನ್ನ ಯೋಚನೆಯೇ ನನಗೆ ಕೇಳುತ್ತಿರಲಿಲ್ಲ, ಅದೊಂದು ಪುಣ್ಯ. ಆದರೆ ಗೆರೆಗಳು ಕೇಳಬೇಕಲ್ಲ. ಕೆಲವೇ ದಿನಕ್ಕೆ ಅವೇ ಪೆಟ್ಟಿಗೆಗಳ ಬಲ ಮತ್ತೆ ದಡದಡ ಇಳಿಯಿತು. ಕಾಯುವವನಿಲ್ಲ, ಕೈ ಹಾಕುವವನಿಲ್ಲ, ಕೀಲಿ ನನ್ನ ಹತ್ತಿರ. ಪರದೆ ನೋಡುತ್ತ ಗೆರೆ ಇಳಿಯದಿರಲಿ ಎಂದು ಬೇಡಿಕೊಂಡೆ, ಅಪ್ಪ ಕಳ್ಳನಾಗಿಯೇ ಇರಲಿ ಎಂದು ಬೇಡಿಕೊಂಡ ಹಾಗಾಯಿತು ಅದು. ಹಾಗೆ ಬೇಡಿಕೊಂಡೆ ಎನ್ನುವುದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಅವತ್ತು ರಾತ್ರಿ ಪ್ರೋಗ್ರಾಮು ಬಿಚ್ಚಿ ಕೂತೆ. ರೇಡಿಯೊಗೆ "ಕಳಿಸು" ಅಂದಾಗ ಅದು ಎರಡರಲ್ಲೊಂದು ಹೇಳಬಹುದು. "ಆಗಲಿ" ಅನ್ನಬಹುದು, ಅಥವಾ "ಈಗ ಆಗುವುದಿಲ್ಲ" ಅನ್ನಬಹುದು. ಆಗಲಿ ಅಂದರೆ ಮಾತ್ರ ಕೆಲಸ ಮುಗಿದ ಮೇಲೆ "ಆಯಿತು" ಎಂಬ ಕರೆ ಬರುತ್ತದೆ. ರೇಡಿಯೊ ಆರಿಸುವ ಸಾಲನ್ನು ನಾನು ಆ "ಆಯಿತು" ಕರೆಯ ಒಳಗೆ ಬರೆದಿದ್ದೆ, ಬೇರೆಲ್ಲೂ ಬರೆದಿರಲಿಲ್ಲ. "ಈಗ ಆಗುವುದಿಲ್ಲ" ಅಂದರೆ ಆ ಕರೆ ಬರುವುದೇ ಇಲ್ಲ. ಯಾರೂ ಆರಿಸದ ರೇಡಿಯೊ ಮುಂದಿನ ಸರದಿಯ ತನಕ ಎದ್ದೇ ಕೂತು ಸೆಲ್ಲು ತಿನ್ನುತ್ತದೆ. ಯಾವ ರೇಡಿಯೊ ಹಾಗೆ ಅನ್ನುತ್ತದೆ? ಬಿಡುವಿಲ್ಲದ್ದು. ಯಾವುದಕ್ಕೆ ಬಿಡುವಿಲ್ಲ? ಇಡೀ ಹೊಲದ ಸುದ್ದಿಯನ್ನು ಹೊತ್ತು ಪಂಪ್ ಮನೆಗೆ ಮುಟ್ಟಿಸುವ, ಅದರ ಸುತ್ತಲಿನ ಪೆಟ್ಟಿಗೆಗಳಿಗೆ. ನನ್ನ ಕೋಣೆಯ ಮೇಜಿನ ಮೇಲೆ ಎರಡು ಮೂರು ಪೆಟ್ಟಿಗೆ ಇಟ್ಟು ಪರೀಕ್ಷೆ ಮಾಡಿದಾಗ ಇದು ಕಂಡಿರಲಿಲ್ಲ, ಅಲ್ಲಿ ಯಾವುದಕ್ಕೂ ಅಷ್ಟು ಹೊರೆ ಇರಲಿಲ್ಲ. ಒಂದು ಸಾಲು ಸೇರಿಸಿದರೆ ಮುಗಿಯುವ ತಪ್ಪು. ಸೇರಿಸಿದೆ. ಸೇರಿಸುವಾಗ ಅಳು ಬಂದು ಕೀಲಿಮಣೆ ಕಾಣದೆ ಆ ಒಂದು ಸಾಲನ್ನು ಎಷ್ಟು ಸಲ ತಪ್ಪು ತಪ್ಪು ಒತ್ತಿದೆನೋ.

ಬೆಳಗಾದ ಕೂಡಲೇ ಸರ್‌ಗೆ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ನಿನ್ನ ಪ್ರೋಗ್ರಾಮು ನಾನೂ ಓದಿದ್ದೆ, ನನಗೂ ಕಾಣಲಿಲ್ಲ ಅಂದರು. ಆಮೇಲೆ, ಅವತ್ತು ಮಾಳಿಗೆಯ ಮೇಲೆ ನೀನು ನಿಮ್ಮ ತಂದೆಗೆ ಏನು ಕೇಳಿದೆ ಎಂದರು. ನಾನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಹಾಗೆ ಕೇಳು ಅಂದಿರಲಿಲ್ಲವಲ್ಲ ನಾಗವೇಣಿ, ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಬ್ಬರೂ ಊರಿಗೆ ಹೋದೆವು. ಅಪ್ಪ ಕಟ್ಟೆಯ ಮೇಲೆ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಸರ್ ಚಪ್ಪಲಿ ಬಿಟ್ಟು, ಕೈ ಮುಗಿದು, ತಮಗೆ ಬಂದಷ್ಟು ಮುರುಕು ಕನ್ನಡದಲ್ಲಿ "ತಪ್ಪು ನಮ್ಮದು" ಅಂದರು. ನಾನು ಓಣಿಯವರ ಮುಂದೆ ಎಲ್ಲವನ್ನೂ ಹೇಳಿದೆ, ದೀಪ ಆರಿದ್ದು ನನ್ನಿಂದ, ಅಪ್ಪ ತುಂಬಿದ್ದು ನನ್ನ ತಪ್ಪನ್ನು ಅಂತ. ಆಮೇಲೆ ಅವನ ಕಾಲ ಹತ್ತಿರ ಕೂತು "ತಪ್ಪಾತಪ್ಪಾ" ಅಂದೆ.

"ಆತು ಬಿಡವಾ. ಈಗ ದೀಪ ಹತ್ತತಾವಿಲ್ಲ?" ಎಂದು ಕೇಳಿದ ಅಪ್ಪ.

"ಹತ್ತತಾವು."

"ಚಲೋ ಆತು," ಎಂದು ಮತ್ತೆ ಹಗ್ಗಕ್ಕೆ ಕೈ ಹಾಕಿದ. ಕಟ್ಟೆಯ ಮೇಲೆ ಸರ್ ತಿರುಗಿ ತಂದಿಟ್ಟ ಪಂಪ್ ಮನೆಯ ಕೀಲಿಯನ್ನು ಮಾತ್ರ ಮುಟ್ಟಲಿಲ್ಲ. ಈಗ ನೀವೇ ಇಟ್ಕಳ್ರಿ ಎಂದು ಅವ್ವನ ಕೈಯಲ್ಲಿ ಹೇಳಿಸಿದ. ಆ ಹಂಗಾಮಿನಲ್ಲಿ ಅಪ್ಪ ಹೊಲಕ್ಕೆ ಹೋಗಲಿಲ್ಲ. ಕೋಲು ಮೂಲೆಯಲ್ಲಿ ನಿಂತಿತು. ಕರಡಿ ಇಳಿದಿದೆ ಎಂದು ಯಾರಾದರೂ ಬಂದು ಹೇಳಿದರೆ ತಲೆ ಎತ್ತಿ ಕೇಳುತ್ತಿದ್ದ, ಎದ್ದೇಳುತ್ತಿರಲಿಲ್ಲ. ಅವ್ವ ನನ್ನೊಡನೆ ಮಾತು ಬಿಟ್ಟಿರಲಿಲ್ಲ, ಅನ್ನಕ್ಕೆ ಕರೆಯುತ್ತಿದ್ದಳು, ಬಡಿಸುತ್ತಿದ್ದಳು, ಎದುರಿಗೆ ಕೂಡುತ್ತಿರಲಿಲ್ಲ. ನಾನು ಕೂಡ್ಲಿಗಿಯ ಕೋಣೆ ಬಿಟ್ಟು ಮನೆಗೇ ಬಂದಿದ್ದೆ. ಬಂದರೆ ಏನಾದರೂ ಸರಿಹೋಗುತ್ತದೆ ಅಂದುಕೊಂಡಿದ್ದೆ.

ಚಿತ್ತಿ ಮಳೆ ಮುಗಿದು ಶೇಂಗಾ ಕಿತ್ತರು. ಊರೆಲ್ಲ ಹಸಿ ಬಳ್ಳಿಯ, ಮಣ್ಣಿನ ವಾಸನೆ. ತಪ್ಪು ತಿದ್ದಿ ಹಾಕಿದ ಸೆಲ್ಲಿನಲ್ಲೇ 'ನಾಗೀ ದೀಪ'ಗಳು ಅಲ್ಲಿಯತನಕ ಮಿಟುಕಿದವು, ಸರ್ ಯೋಜನೆಗೆ ಇನ್ನೊಂದು ವರ್ಷ ಸಿಕ್ಕಿತು. ಅವರು ಪೆಟ್ಟಿಗೆಗಳನ್ನು ಬಿಚ್ಚಿ ಜೀಪಿಗೆ ತುಂಬಿಕೊಂಡು ಹೋದರು. ಒಂದು ಸಂಜೆ, ಇನ್ನೂ ಬೆಳಕಿರುವಾಗ, ಈರಣ್ಣ ನಮ್ಮ ಕಟ್ಟೆಗೆ ಬಂದ. ಓಣಿಯ ಹೆಂಗಸರು ನೀರು ಹೊತ್ತು ಹೋಗುವ ಹೊತ್ತು.

"ಉಚ್ಚೆಂಗಪ್ಪಾ, ನಾಳಿಗೆ ಕಣದಾಗ ರಾಶಿ ಬೀಳತೈತಿ. ಕಂಬಳಿ ತಗಂಡು ಬಾರಪಾ," ಅಂದ.

"ನಾ ಬರಂಗಿಲ್ರಿ."

"ಯಾಕ? ಆ ಡಬ್ಬಿ ಮಾತು ಇನ್ನೂ ಹಿಡ್ಕಂಡು ಕುಂತೀಯೇನು? ಊರಾಗ ಯಾರರ ಒಬ್ರು ನಿನಗ ಏನರ ಅಂದಾರೇನು ಹೇಳು."

"ಊರೋರು ಅಂದಿಲ್ರಿ. ಮನ್ಯಾಗಿನಾಕಿ ಅಂದಾಳ." ಅಪ್ಪ ಹಗ್ಗ ಕೆಳಗಿಟ್ಟು, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದ. "ಇಕಿ ಹುಟ್ಟಿದಾಗಿಂದ ನನ್ನ ನೋಡ್ಯಾಳ. ನಾಕು ಅಕ್ಷರ ಓದ್ಯಾಳ. ಇಕೀಗೇ ನನ್ನ ಮ್ಯಾಲೆ ಹಂಗ ಅನ್ನಿಸ್ತು ಅಂದ್ರ, ಇನ್ನೊಬ್ರ ರಾಶಿ ಮುಂದ ನಾ ಹೆಂಗ ಕುಂದರ್ಲಿ? ಇಕೀನ ಕೇಳ್ರಿ. ಇಕಿ ಹೂಂ ಅಂದ್ರ ಬರ್ತೀನಿ."

ಈರಣ್ಣ ನಗಲು ನೋಡಿದ, ಆಗಲಿಲ್ಲ. ನೆಲ ನೋಡುತ್ತ, ಕೇಳಬಾರದ್ದನ್ನು ಕೇಳುವವನ ಹಾಗೆ ಕೇಳಿದ. "ಏನವಾ ನಾಗವೇಣಿ, ನಿಮ್ಮಪ್ಪನ್ನ ಕಣಕ್ಕ ಕರಕಂಡು ಹೋಗ್ಲೇನು?"

ಹೂಂ ಅನ್ನಲಿಕ್ಕೆ ನಾನು ಯಾರು? ಅನ್ನದೇ ಇರಲಿಕ್ಕೆ ನಾನು ಯಾರು? ಅಪ್ಪ ನನ್ನನ್ನು ಚುಚ್ಚಲಿಕ್ಕೆ ಹೀಗೆ ಮಾಡುತ್ತಿದ್ದಾನೆ ಎಂದು ಒಂದು ಕ್ಷಣ ಅಂದುಕೊಂಡೆ. ಮುಖ ನೋಡಿದೆ. ಚುಚ್ಚುವವನ ಮುಖವಲ್ಲ ಅದು. ನಿಜವಾಗಿಯೂ ನನ್ನ ಉತ್ತರಕ್ಕೆ ಕಾಯುತ್ತಿದ್ದ, ಅದು ಯಾವ ಕಡೆ ಬಂದರೂ ಒಪ್ಪಿಕೊಳ್ಳುವವನ ಹಾಗೆ. ನೀರಿನ ಕೊಡ ಹೊತ್ತವರು ನಿಂತಿದ್ದರು. 

"ಹೂಂ," ಅಂದೆ.

"ಗಟ್ಟಿಯಾಗಿ ಅನ್ನವಾ. ಈರಣ್ಣಗ ಕೇಳ್ಸಿಲ್ಲ," ಅಂದ ಅಪ್ಪ.

ಇನ್ನೊಂದು ಸಲ ಅಂದೆ.